ತೊಳೆದರೆ ಹೋಗುವುದು ಕೊಳೆಯೊಂದೇ ಅಲ್ಲ

ತುಮಕೂರಿನ ಸದಾಶಿವನಗರದಲ್ಲಿ ನಾನು ನಿತ್ಯ ನಡೆದುಹೋಗುವ ದಾರಿಯಲ್ಲಿ ಗಿಲಾವು ಕಾಣದ ಇಟ್ಟಿಗೆ ಗೋಡೆಯ ಹಳೆಯ ಮನೆಯೊಂದಿದೆ. ದೂಳು, ವಾಹನಗಳ ಹೊಗೆ, ಮಳೆಗಾಲದ ಪಾಚಿ ಸೇರಿ ಅದರ ಕೆಂಪು ಎಂದೋ ಕಪ್ಪಾಗಿದೆ. ಮಗಳ ಮದುವೆ ನಿಶ್ಚಯವಾದಾಗ ಮನೆಯ ಯಜಮಾನರು ಗೋಡೆಗೆ ಆಸಿಡ್ ಬಳಿಸಿ, ಪ್ರೆಷರ್ ಪಂಪಿನಿಂದ ತೊಳೆಸಲು ಗುತ್ತಿಗೆದಾರನನ್ನು ಗೊತ್ತುಮಾಡಿದರು. ಎರಡೇ ದಿನದ ಕೆಲಸವಂತೆ. ನನ್ನ ಅಭಿಪ್ರಾಯ ಕೇಳಿದರು, ಬೇಡವೆಂದೆ.

ಹಾಗೆನ್ನಲು ಕಾರಣವಿತ್ತು. ಸೇವೆಯಲ್ಲಿದ್ದಾಗ ತಾಲ್ಲೂಕು ಕೇಂದ್ರವೊಂದರ ಹಳೆಯ ಇಟ್ಟಿಗೆ ಕಟ್ಟಡವನ್ನು ಹೀಗೆಯೇ ತೊಳೆಸುವ ಕಡತಕ್ಕೆ ಸಹಿ ಹಾಕಿದವನು ನಾನು. ಮಾರ್ಚ್ ಮುಗಿಯುವುದರೊಳಗೆ ಅನುದಾನ ಖರ್ಚಾಗಬೇಕಿತ್ತು. ಗೋಡೆ ಹೊಳೆಯಿತು, ಮೇಲಧಿಕಾರಿಗಳು ಮೆಚ್ಚಿದರು, ನನಗೆ ವರ್ಗವಾಯಿತು. ಮೂರು ಮಳೆಗಾಲಗಳ ನಂತರ ಬೇರೊಂದು ಕೆಲಸಕ್ಕೆ ಅಲ್ಲಿಗೆ ಹೋದಾಗ ಇಟ್ಟಿಗೆಯ ಮೈ ಉದುರುತ್ತಿತ್ತು. ಬೆರಳಿನಿಂದ ಸವರಿದರೆ ಕೆಂಪು ಹಿಟ್ಟು.

ಆಗಿದ್ದೇನು ಎಂಬುದು ಆಮೇಲೆ ಓದಿ ತಿಳಿದದ್ದು. ಸುಟ್ಟ ಇಟ್ಟಿಗೆಯ ಹೊರಮೈ ಒಳಭಾಗಕ್ಕಿಂತ ಗಟ್ಟಿ. ಗೂಡಿನ ಬೆಂಕಿ ಕೊಟ್ಟ ಆ ತೆಳುಪದರವೇ ಇಟ್ಟಿಗೆಯ ಚರ್ಮ. ಅದು ಹೋದರೆ ಒಳಗಿನ ಮೆದುಭಾಗ ನೀರು ಹೀರುತ್ತದೆ. ಸಂದುಗಳಲ್ಲಿರುವ ಸುಣ್ಣದ ಗಾರೆಯನ್ನು ಆಸಿಡ್ ಕರಗಿಸುತ್ತದೆ. ಆಗ ಹುಟ್ಟುವ ಲವಣಗಳು ನೀರಿನೊಡನೆ ಒಳಗಿಳಿದು, ಒಣಗುವಾಗ ಹರಳುಗಟ್ಟಿ, ಮೇಲ್ಮೈಯನ್ನು ಒಳಗಿನಿಂದಲೇ ಸಿಡಿಸುತ್ತವೆ. ನಾವು ಅದಕ್ಕೆ ಗೋಡೆ ಉಪ್ಪು ಬಿಟ್ಟಿದೆ ಎನ್ನುತ್ತೇವೆ. ಮರಳು ಸಿಡಿಸಿ ಉಜ್ಜುವ ಯಂತ್ರದ್ದು ಇನ್ನೂ ಒರಟು ಕೆಲಸ. ಕೊಳೆಗೂ ಚರ್ಮಕ್ಕೂ ಅದು ಭೇದವೆಣಿಸುವುದಿಲ್ಲ. ಹಳೆಯ ಕಟ್ಟಡಗಳಿಗೆ ಅದರಿಂದಾಗುವ ಹಾನಿಯ ಕುರಿತು ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆ 1979ರಲ್ಲೇ ಪ್ರತ್ಯೇಕ ಕೈಪಿಡಿಯೊಂದನ್ನು ಹೊರತಂದಿತ್ತು. ನಮ್ಮ ಕಚೇರಿಗಳಿಗೆ ಅಂಥವು ತಲುಪುವುದು ನಿಧಾನ.

ತೊಳೆಯಲೇಬಾರದೆಂದಲ್ಲ. ಪಾಚಿ ಬೆಳೆದಿದ್ದರೆ ನೀರು ಎಲ್ಲಿಂದ ಸೋರುತ್ತಿದೆ ಎಂದು ಮೊದಲು ನೋಡಬೇಕು. ಒಡೆದ ದೋಣಿಯನ್ನು ಹಾಗೆಯೇ ಬಿಟ್ಟು ಗೋಡೆ ತಿಕ್ಕಿದರೆ ಮುಂದಿನ ಆಷಾಢಕ್ಕೆ ಪಾಚಿ ಮರಳಿ ಹಾಜರು. ಬಳಿಕ ಒಣ ಬ್ರಷ್ಷಿನಿಂದ ದೂಳು ತೆಗೆದು, ಮೆದುವಾದ ನಾರಿನ ಬ್ರಷ್ಷು, ಕಡಿಮೆ ಒತ್ತಡದ ನೀರು, ಅಗತ್ಯವಿದ್ದರೆ ಕ್ಷಾರವಿಲ್ಲದ ಸೌಮ್ಯ ಸಾಬೂನು ಬಳಸಬಹುದು. ತಂತಿ ಬ್ರಷ್ಷು ಕೂಡದು. ಉದುರಿದ ಸಂದುಗಳಿಗೆ ಸುಣ್ಣದ ಗಾರೆಯೇ ಬೇಕು. ಸಿಮೆಂಟ್ ತುಂಬಿದರೆ ತೇವಕ್ಕೆ ಹೊರಬರಲು ಇಟ್ಟಿಗೆಯೇ ದಾರಿಯಾಗಿ, ಇಟ್ಟಿಗೆ ಸವೆಯುತ್ತದೆ.

ಕೊಳೆಯ ಮೇಲೆ ಬಣ್ಣ ಬಳಿದುಬಿಡುವುದು ಮತ್ತೊಂದು ಸುಲಭೋಪಾಯ. ಬೆಂಗಳೂರಿನ ಅಠಾರಾ ಕಚೇರಿಯೂ ಕೆಂಪಗಿಲ್ಲವೇ ಎಂದು ಕೇಳುವವರಿದ್ದಾರೆ. 1868ರಲ್ಲಿ ಪೂರ್ಣಗೊಂಡ ಆ ಕಟ್ಟಡದ ಕೆಂಪು ಬಳಿದ ಬಣ್ಣ. ಅದನ್ನು ಕಾಲಕಾಲಕ್ಕೆ ಬಳಿಯುವುದು ಅದರ ಪಾಲನೆಯ ಭಾಗ. ಬರಿಮೈಯ ಇಟ್ಟಿಗೆಗೆ ಪ್ಲಾಸ್ಟಿಕ್ ಬಣ್ಣ ಬಳಿದರೆ ತೇವ ಒಳಗೇ ಉಳಿಯುತ್ತದೆ. ಅಂದಹಾಗೆ 1980ರ ದಶಕದಲ್ಲಿ ಅಠಾರಾ ಕಚೇರಿಯನ್ನೇ ಕೆಡವುವ ಪ್ರಸ್ತಾಪವಿತ್ತು. ನಾಗರಿಕರು ಪ್ರತಿಭಟಿಸಿದರು, ಕಟ್ಟಡ ಉಳಿಯಿತು. ಕೆಡವುವುದು ಸುದ್ದಿಯಾಗುತ್ತದೆ, ತೊಳೆದು ಕೆಡಿಸುವುದು ಸುದ್ದಿಯಾಗುವುದಿಲ್ಲ. ಅರ್ಥಶಾಸ್ತ್ರ ಓದಿದ ನನಗೆ ಕಾಡುವುದು ಇದೇ: ತೊಳೆದ ಖರ್ಚು ಲೆಕ್ಕಪುಸ್ತಕದಲ್ಲಿ ಕಾಣುತ್ತದೆ, ಇಟ್ಟಿಗೆ ಕಳೆದುಕೊಂಡ ಆಯುಷ್ಯ ಯಾವ ಲೆಕ್ಕಶೀರ್ಷಿಕೆಗೂ ಸೇರುವುದಿಲ್ಲ.

ಯಜಮಾನರು ಗುತ್ತಿಗೆದಾರನನ್ನು ಕಳುಹಿಸಿದರು. ಹಿತ್ತಲ ಗೋಡೆಯಲ್ಲಿ ಎರಡಡಿ ಜಾಗವನ್ನಷ್ಟೇ ನೀರು, ನಾರಿನ ಬ್ರಷ್ಷಿನಿಂದ ತೊಳೆದು, ಒಣಗಿದ ಮೇಲೆ ನೋಡೋಣವೆಂದು ಬಿಟ್ಟಿದ್ದಾರೆ. ಕಪ್ಪು ಪೂರ್ತಿ ಹೋಗಿಲ್ಲ. ಕೆಂಪು ಅಲ್ಲಲ್ಲಿ ಇಣುಕಿದೆ. ಮದುವೆಗೆ ಮುಂಬಾಗಿಲ ಗೋಡೆ ಕಾಣದಂತೆ ದೊಡ್ಡ ಚಪ್ಪರ ಹಾಕಿಸುತ್ತಾರಂತೆ.