ಹಿಗ್ಗಿಸಿದರೂ ಉಳಿಯುವುದು ಯಾವುದು?



ಈ ಸಾಲಿನ ವಿದ್ಯಾರ್ಥಿವೇತನಕ್ಕೆ ಬಂದ ಅರ್ಜಿಗಳಲ್ಲಿ ಒಂದು ಗಣಿತ ಎಂ.ಎಸ್ಸಿ. ವಿದ್ಯಾರ್ಥಿನಿಯದು. ವಿಷಯ: ಐಡಿಯಲ್ ಸಹಿತ ಟೊಪಾಲಜಿ. ‘ಇದರಿಂದೇನು ಪ್ರಯೋಜನ?’ ಎಂದು ಸಮಿತಿಯಲ್ಲಿ ಪ್ರಶ್ನೆ ಬಂತು. ಶಾಲೆಯಲ್ಲಿ ಗಣಿತ ಕಲಿಸಿದ್ದರಿಂದ ಉತ್ತರಿಸುವ ಹೊಣೆ ನನಗೆ ಬಿತ್ತು.

ತುದಿಗಳನ್ನು ಬಿಟ್ಟು 0 ಮತ್ತು 1ರ ನಡುವಿನ ಸಂಖ್ಯೆಗಳನ್ನು ರಬ್ಬರಿನಂತೆ ಹಿಗ್ಗಿಸಿ ಇಡೀ ಸಂಖ್ಯಾರೇಖೆಯಾಗಿಸಬಹುದು. ಎಲ್ಲೂ ಹರಿಯುವುದಿಲ್ಲ, ಎರಡು ಬಿಂದುಗಳು ಒಂದಾಗುವುದಿಲ್ಲ. ಹಾಗೆಯೇ ಹಿಂದಕ್ಕೂ ತರಬಹುದು. ಇಂಥ ಬದಲಾವಣೆಯೇ ಹೋಮಿಯೊಮಾರ್ಫಿಸಂ. ಉದ್ದ ಉಳಿಯಲಿಲ್ಲ, ಒಂದೇ ತುಂಡಾಗಿರುವ ಗುಣ ಉಳಿಯಿತು.

ಐಡಿಯಲ್ ಎಂದರೆ ನಾವು ‘ಚಿಕ್ಕವು’ ಎಂದು ಲೆಕ್ಕಕ್ಕೆ ಬಿಡುವ ಗಣಗಳ ಪಟ್ಟಿ. ನಿಯಮ ಎರಡು: ಚಿಕ್ಕದರ ಭಾಗವೂ ಚಿಕ್ಕದು; ಎರಡು ಚಿಕ್ಕವು ಸೇರಿದರೂ ಚಿಕ್ಕದೇ. ಸಾಂತ ಗಣಗಳನ್ನು ಚಿಕ್ಕವೆಂದರೆ, ಹಿಗ್ಗಿಸಿದ ಮೇಲೂ ಅವು ಸಾಂತವೇ. ಮಿತಿಯೊಳಗಿನ ಗಣಗಳನ್ನು ಚಿಕ್ಕವೆಂದರೆ? 0 ಮತ್ತು 1ರ ನಡುವಿನದೆಲ್ಲವೂ ಚಿಕ್ಕದು. ಹಿಗ್ಗಿಸಿದಾಗ ಸಿಗುವ ಸಂಖ್ಯಾರೇಖೆ ಚಿಕ್ಕದಲ್ಲ. ಆದ್ದರಿಂದ ಹೋಮಿಯೊಮಾರ್ಫಿಸಂ ಒಂದೇ ಸಾಲದು, ಐಡಿಯಲ್‌ಗಳೂ ಪರಸ್ಪರ ಹೊಂದಬೇಕು. ಆಗ ಮಾತ್ರ ಐಡಿಯಲ್ ಅವಲಂಬಿಸಿದ ಗುಣಗಳು ಉಳಿಯುತ್ತವೆಂದು ಭರವಸೆಯಿಂದ ಹೇಳಬಹುದು.

ಈ ವಿಷಯದ ಆರಂಭದ ಮುಖ್ಯ ಲೇಖನಗಳಲ್ಲೊಂದನ್ನು ಬರೆದವರು ಆರ್. ವೈದ್ಯನಾಥಸ್ವಾಮಿ. 1940ರ ದಶಕದಲ್ಲಿ ಅದು ಪ್ರಕಟವಾದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ.

ಏನು ಬದಲಾಯಿತು, ಏನು ಉಳಿಯಿತು ಎಂದು ಕಾರಣಸಹಿತ ಹೇಳುವುದನ್ನು ಈ ವಿದ್ಯೆ ಕಲಿಸುತ್ತದೆ. ಅಲ್ಹಮ್ದುಲಿಲ್ಲಾಹ್, ಆಕೆಯ ಅರ್ಜಿ ಮಂಜೂರಾಗಿದೆ. ವಿಷಯದ ಹೆಸರು ಯಾರಿಗೂ ಅರ್ಥವಾಗದೆಂದು ಹಿಂಜರಿಯದೆ, ಮಕ್ಕಳೇ, ಮುಂದಿನ ಸಾಲಿಗೆ ನೀವೂ ಅರ್ಜಿ ಹಾಕಿ.