ಐದು ನಿಮಿಷದ ಫೋನು, ಎಂಟು ವರ್ಷದ ಹಮಾಲಿ

‘ವೇರ್‌ಹೌಸ್‌ನಲ್ಲಿ ಕೆಲಸ ಮಾಡಿದ ಅನುಭವ ಉಂಟಾ?’

‘ಇಲ್ರಿ.’

‘ಸ್ಕ್ಯಾನಿಂಗ್, ಪ್ಯಾಕಿಂಗ್, ಲೋಡಿಂಗ್?’

‘ಇಲ್ರಿ ಸಾಹೇಬ್ರ, ಅದೆಲ್ಲಾ ಮಾಡಿಲ್ರಿ.’

ಮಂಗಳೂರಿನಲ್ಲಿ ಕುಳಿತ ನಾವು ಹಾಳೆಯಲ್ಲಿ ‘ಅನುಭವ ಇಲ್ಲ’ ಎಂದು ಬರೆದೆವು. ಬೈಲಹೊಂಗಲದಲ್ಲಿ ಫೋನ್ ಎತ್ತಿದವರು ‘ಮತ್ತ ಫೋನ್ ಹಚ್ತೀರೇನ್ರಿ?’ ಎಂದು ಕೇಳಿದರು. ನೋಡುವ ಎಂದೆವು. ಅಲ್ಲಿಗೆ ಮುಗಿಯಿತು. ಒಟ್ಟು ಐದು ನಿಮಿಷವೂ ಆಗಿರಲಿಲ್ಲ.

ವಾರ ಕಳೆದು ಅದೇ ಊರಿನ ಇನ್ನೊಬ್ಬ ಹುಡುಗ ಕೆಲಸಕ್ಕೆ ಸೇರಲು ಬಂದ. ಬ್ಯಾಗ್ ಕೆಳಗಿಡುವ ಮೊದಲೇ ಕೇಳಿದ: ‘ನಮ್ಮ ಕಾಕಾನ್ನ ಯಾಕ ಬಿಟ್ರಿ? ಎಪಿಎಂಸಿಯಾಗ ಎಂಟ ವರ್ಷ ಹಮಾಲಿ ಮಾಡ್ಯಾರ. ಚೀಲಾ ಒಟ್ಟೂದರಾಗ ಅವರನ್ನ ಮೀರಿಸೋರಿಲ್ಲ.’

ನಮಗೆ ಮಾತೇ ಹೊರಡಲಿಲ್ಲ. ಲಾರಿಯಿಂದ ಚೀಲ ಇಳಿಸಿ, ಎಣಿಸಿ, ಬೀಳದ ಹಾಗೆ ಒಟ್ಟುವವರನ್ನೇ ನಾವು ಹುಡುಕುತ್ತಿದ್ದದ್ದು. ಅದನ್ನು ಎಂಟು ವರ್ಷ ಮಾಡಿದವರು ‘ಇಲ್ರಿ’ ಅಂದರು. ಯಾಕೆಂದರೆ ಅವರ ಊರಿನಲ್ಲಿ ಆ ಕೆಲಸಕ್ಕೆ ಲೋಡಿಂಗ್ ಎನ್ನುವುದಿಲ್ಲ, ಹಮಾಲಿ ಎನ್ನುತ್ತಾರೆ. ತಪ್ಪು ಅವರದ್ದಲ್ಲ, ನಮ್ಮ ಪ್ರಶ್ನೆಯದ್ದು.

ಫೋನೇ ಯಾಕೆ?

ನಾವು ಮೂವರು ಕೆಲಸಗಾರರನ್ನು ಒದಗಿಸುವ ಸಣ್ಣ ಕಚೇರಿಯೊಂದರಲ್ಲಿದ್ದೇವೆ. ಗೋದಾಮು, ಕಾರ್ಖಾನೆಗಳಿಗೆ ಜನ ಬೇಕೆಂದಾಗ ಅರ್ಜಿ ಹಾಕಿದವರಿಗೆ ಫೋನ್ ಮಾಡಿ ಮೊದಲ ಸುತ್ತು ಜರಡಿ ಹಿಡಿಯುವುದು ನಮ್ಮ ಕೆಲಸ. ಬೈಕಂಪಾಡಿ ಕಡೆ ಹೋದವರಿಗೆ ಗೊತ್ತು, ಅಲ್ಲಿ ಉತ್ತರ ಕರ್ನಾಟಕದ ಕನ್ನಡ ಕೇಳದ ದಿನವಿಲ್ಲ. ಈ ಬಾರಿ ನಮ್ಮ ಪಟ್ಟಿಯಲ್ಲಿ ಹೆಚ್ಚಿನವರು ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳವರು.

ಹತ್ತಿ, ಜೋಳ, ಕಬ್ಬು ಬೆಳೆಯುವ ಸೀಮೆ ಅದು. ಮಲಪ್ರಭೆಗೆ ಸವದತ್ತಿಯ ನವಿಲುತೀರ್ಥದಲ್ಲಿ ಅಣೆಕಟ್ಟು ಉಂಟು, ಎಂ.ಕೆ. ಹುಬ್ಬಳ್ಳಿಯಲ್ಲಿ ಸಕ್ಕರೆ ಕಾರ್ಖಾನೆ ಉಂಟು, ರಾಮದುರ್ಗದಲ್ಲಿ ಮಗ್ಗಗಳುಂಟು. ಕಿತ್ತೂರಿನವರಿಗೆ ಹೆದ್ದಾರಿ ಬದಿಯಲ್ಲೇ ಧಾರವಾಡ ಕಡೆಯ ಬೇಲೂರು ಕೈಗಾರಿಕಾ ಪ್ರದೇಶ ಸಿಗುತ್ತದೆ, ಬಸ್ ಹತ್ತಿ ದಿನಾ ಹೋಗಿ ಬರಬಹುದು. ರಾಮದುರ್ಗದವರಿಗೆ ಆ ಅನುಕೂಲ ಇಲ್ಲ. ಬೈಲಹೊಂಗಲ, ಸವದತ್ತಿ, ರಾಮದುರ್ಗ ಪಟ್ಟಣಗಳಿಗೆ ರೈಲೂ ಇಲ್ಲ. ಮಂಗಳೂರಿಗೆ ಬರುವುದೆಂದರೆ ಒಂದು ರಾತ್ರಿ ಬಸ್ಸು.

ಹಾಗಾಗಿ ಫೋನ್ ಸಂದರ್ಶನ ಕೆಟ್ಟದ್ದಲ್ಲ. ಇಲ್ಲವೆಂದು ಹೇಳಿಸಿಕೊಳ್ಳಲು ಎರಡು ದಿನದ ಕೂಲಿ, ಬಸ್ಸಿನ ಚಾರ್ಜು ಕಳೆದುಕೊಳ್ಳುವುದು ತಪ್ಪುತ್ತದೆ. ಆದರೆ ಎದುರು ಕುಳಿತರೆ ಕೈಯ ಗಟ್ಟಿತನ, ಭುಜದ ಗುರುತು ಕಾಣುತ್ತಿತ್ತು. ಫೋನಿನಲ್ಲಿ ಸ್ವರ ಮಾತ್ರ ಕೇಳುತ್ತದೆ. ಚೀಲ ಹೊರುವ ಕೆಲಸಕ್ಕೆ ನಾವು ಆರಿಸುವುದು ಚೆನ್ನಾಗಿ ಮಾತಾಡುವವರನ್ನು!

ಕನ್ನಡಕ್ಕೂ ಕನ್ನಡಕ್ಕೂ

ಒಬ್ಬರಲ್ಲಿ ಆರೋಗ್ಯ ಹೇಗಿದೆ ಎಂದು ಕೇಳಿದೆವು. ‘ಹ್ವಾದ ತಿಂಗಳ ಸುಮಾರ ಇತ್ರಿ, ಈಗ ಚಲೋ ಐತಿ’ ಅಂದರು. ನಮ್ಮಲ್ಲಿ ಸುಮಾರು ಅಂದರೆ ಹೆಚ್ಚುಕಡಿಮೆ, ಅಂದಾಜು. ಅಲ್ಲಿ ಸುಮಾರ ಅಂದರೆ ಸರಿಯಿಲ್ಲ, ಕೆಟ್ಟಿತ್ತು ಎಂದು. ಅವರು ಹೇಳಿದ್ದು ಜ್ವರ ಬಂದು ವಾಸಿಯಾದ ವಿಷಯ. ನಮ್ಮವರಲ್ಲೊಬ್ಬರು ಬರೆದುಕೊಂಡದ್ದು ‘ಪ್ರಶ್ನೆಗೆ ಸರಿಯಾಗಿ ಉತ್ತರಿಸುವುದಿಲ್ಲ’ ಎಂದು.

ಸಂಬಳ ಎಂದರೆ ಅರ್ಥವಾಗುತ್ತದೆ, ಆದರೆ ‘ಪಗಾರ’ ಎಂದ ಕೂಡಲೇ ಆ ಕಡೆಯ ಸ್ವರ ಸಡಿಲವಾಗುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಫೋನ್ ಮಾಡಿದರೆ ‘ಹೊಲದಾಗ ಅದೀನ್ರಿ, ಸಂಜೀಕ ಹಚ್ರಿ’ ಎನ್ನುತ್ತಾರೆ. ಗಾಳಿಯ ಸದ್ದು, ಟ್ರ್ಯಾಕ್ಟರ್ ಸದ್ದು, ನಡುವೆ ನೆಟ್‌ವರ್ಕ್ ಕಟ್. ನಮ್ಮ ಹಾಳೆಯಲ್ಲಿ ಇದಕ್ಕೆಲ್ಲ ಒಂದೇ ಖಾನೆ: ‘ಆಸಕ್ತಿ ಇಲ್ಲ’.

ಇದನ್ನು ಬರೆಯುವಾಗ ನಮ್ಮದೇ ಮನೆಗಳ ನೆನಪಾಗುತ್ತದೆ. ಗಲ್ಫ್‌ಗೆ ಹೊರಟ ನಮ್ಮ ಹುಡುಗರು ಮುಂಬೈ ಏಜೆಂಟರ ಹಿಂದಿಯ ಮುಂದೆ ತಡವರಿಸಿದ್ದು ಎಷ್ಟು ಮನೆಗಳ ಕಥೆಯಲ್ಲ? ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಮೂರು ಭಾಷೆ ಗೊತ್ತಿದ್ದವನೂ ನಾಲ್ಕನೆಯದರಲ್ಲಿ ಒಂದು ಪದ ಸಿಗದೆ ‘ಬರುವುದಿಲ್ಲ’ ಎನಿಸಿಕೊಂಡ. ಆಗ ನೊಂದುಕೊಂಡವರು ನಾವು. ಈಗ ಫೋನಿನ ಈ ತುದಿಯಲ್ಲಿ ಕುಳಿತು ಅದನ್ನೇ ಮಾಡುವುದೆಂದರೆ ಹೇಗೆ ಮಾರಾಯ್ರೆ?

ಹೆಣ್ಮಕ್ಕಳ ಫೋನು

ಪ್ಯಾಕಿಂಗ್ ಕೆಲಸಕ್ಕೆ ಹುಡುಗಿಯರ ಅರ್ಜಿಯೂ ಬರುತ್ತದೆ. ಕೊಟ್ಟ ನಂಬರು ಹೆಚ್ಚಾಗಿ ಅಪ್ಪನದ್ದು, ಅಣ್ಣನದ್ದು. ಸವದತ್ತಿ ಕಡೆಯ ಒಂದು ಮನೆಗೆ ಮೂರು ಬಾರಿ ಫೋನ್ ಮಾಡಿದರೂ ಹುಡುಗಿ ಸಿಗಲಿಲ್ಲ. ನಾಲ್ಕನೆಯ ಬಾರಿ ನಮ್ಮ ಜೊತೆಗಿರುವ ಸಹೋದರಿ ಮಾತಾಡಿದರು. ಅಪ್ಪ ಕೇಳಿದ್ದು ಮೂರೇ ಪ್ರಶ್ನೆ: ‘ಇರಾಕ ಎಲ್ಲಿ ಕೊಡ್ತೀರಿ? ರಾತ್ರಿ ಪಾಳಿ ಐತೇನ್ರಿ? ಆಕಿ ಪಗಾರ ಆಕಿ ಖಾತೆಗೇ ಬರತೈತೇನ್ರಿ?’ ಮೂರೂ ಒಳ್ಳೆಯ ಪ್ರಶ್ನೆಗಳು. ನಾವೇ ಮೊದಲು ಹೇಳಬೇಕಾಗಿದ್ದ ಮಾತುಗಳು. ಉತ್ತರ ಸಿಕ್ಕಿದ ಮೇಲೆ ಫೋನು ಹುಡುಗಿಯ ಕೈಗೆ ಹೋಯಿತು.

ಕೈಗೆಷ್ಟು?

ಎಲ್ಲರೂ ಕೊನೆಗೆ ಹಿಂಜರಿಯುತ್ತಾ ಕೇಳುವುದು ಇದನ್ನೇ: ‘ಕೈಗೆ ಎಷ್ಟ ಬರತೈತ್ರಿ?’ ಒಟ್ಟು ಮೊತ್ತ ಹೇಳಿ ಕರೆಸಿ, ತಿಂಗಳ ಕೊನೆಗೆ ಕಡಿತ ತೋರಿಸಿದರೆ ಜನ ಬ್ಯಾಗ್ ಕಟ್ಟುತ್ತಾರೆ. ಉದಾಹರಣೆಗೆ ವೇತನ 15,000 ರೂಪಾಯಿ ಎಂದಿಟ್ಟುಕೊಳ್ಳಿ. ಭವಿಷ್ಯನಿಧಿಗೆ ಶೇ. 12ರಂತೆ 1,800, ಇಎಸ್‌ಐಗೆ ಶೇ. 0.75ರಂತೆ 113 ರೂಪಾಯಿ ಹೋಗುತ್ತದೆ. ಕೈಗೆ ಬರುವುದು 13,087. ಅದರಲ್ಲೇ ರೂಮು, ಊಟ, ಊರಿಗೆ ಹೋಗುವ ಬಸ್ಸು.

ಕಡಿತ ಅಂದರೆ ಮೋಸ ಎಂದೂ ತಿಳಿಯಬಾರದು. ಭವಿಷ್ಯನಿಧಿಗೆ ಮಾಲಕರೂ ತಮ್ಮ ಪಾಲು ಹಾಕಬೇಕು. ಇಎಸ್‌ಐಗೆ ಅವರ ಪಾಲು ಶೇ. 3.25. ತಿಂಗಳಿಗೆ 21,000 ರೂಪಾಯಿವರೆಗಿನ ವೇತನದವರಿಗೆ ಇಎಸ್‌ಐ ಅನ್ವಯಿಸುತ್ತದೆ, ಹೆಂಡತಿ ಮಕ್ಕಳ ಚಿಕಿತ್ಸೆಗೂ ಆಗುತ್ತದೆ. ಮೋಸ ಇರುವುದು ಕಡಿತ ಮಾಡಿ ಖಾತೆಗೆ ಕಟ್ಟದಿದ್ದಾಗ. ಈ ಲೆಕ್ಕವನ್ನು ಫೋನಿನಲ್ಲಿ ಹೇಳಲು ಒಂದು ನಿಮಿಷ ಸಾಕು. ಆ ಒಂದು ನಿಮಿಷವನ್ನು ನಾವು ಇಷ್ಟು ದಿನ ‘ಇಂಗ್ಲಿಷ್ ಬರುತ್ತದಾ’ ಎಂದು ಕೇಳಲು ಖರ್ಚು ಮಾಡುತ್ತಿದ್ದೆವು.

ಈಗ ನಮ್ಮ ಹಾಳೆ ಬದಲಾಗಿದೆ. ಮೊದಲ ಸಾಲು ಪ್ರಶ್ನೆಯಲ್ಲ: ಯಾವ ಕೆಲಸ, ಎಲ್ಲಿ, ಯಾವ ಪಾಳಿ, ಕೈಗೆಷ್ಟು ಎಂದು ನಾವೇ ಹೇಳುತ್ತೇವೆ. ‘ಅನುಭವ ಉಂಟಾ’ ಎಂಬುದನ್ನು ತೆಗೆದು ‘ಹೋದ ವರ್ಷ ಪೂರ್ತಿ ಏನೇನು ಕೆಲಸ ಮಾಡಿದಿರಿ’ ಎಂದು ಕೇಳುತ್ತೇವೆ. ಹಮಾಲಿ, ಕಬ್ಬಿನ ಗ್ಯಾಂಗು, ಜಿನ್ನಿಂಗ್ ಮಿಲ್ಲು, ಮಗ್ಗ, ಎಲ್ಲಾ ಹೊರಗೆ ಬರುತ್ತದೆ. ಫೋನ್ ಮಾಡುವುದು ಸಂಜೆ ಆರರ ನಂತರ. ಲೈನ್ ಕಟ್ಟಾದರೆ ಮತ್ತೆ ಮಾಡಬೇಕಾದವರು ನಾವು.

ಫೋನ್ ಬಂದಾಗ ಕೇಳಿ

ಎಲ್ಲಿಂದಲೇ ಫೋನ್ ಬರಲಿ, ಎತ್ತಿದವರಿಗೂ ಕೇಳುವ ಹಕ್ಕುಂಟು. ಇಷ್ಟನ್ನು ಕೇಳಿ, ಬರೆದಿಟ್ಟುಕೊಳ್ಳಿ:

• ಪಗಾರ ಕೊಡುವವರು ಕಂಪೆನಿಯವರೋ, ಗುತ್ತಿಗೆದಾರರೋ? ಹೆಸರೇನು?

• ಕಡಿತ ಹೋಗಿ ಕೈಗೆಷ್ಟು? ರೂಮು, ಊಟಕ್ಕೆ ಹಿಡಿಯುತ್ತಾರಾ?

• ದಿನಕ್ಕೆ ಎಷ್ಟು ಗಂಟೆ? ವಾರಕ್ಕೆ 48 ಗಂಟೆ ಮೀರಿದ ಓವರ್‌ಟೈಮಿಗೆ ದುಪ್ಪಟ್ಟು ದರ ಸಿಗಬೇಕು.

• ನೇಮಕಾತಿ ಪತ್ರ ಯಾವಾಗ? 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಇದನ್ನು ಕಡ್ಡಾಯ ಮಾಡಿವೆ.

• ‘ನೋಂದಣಿಗೆ, ಯೂನಿಫಾರ್ಮಿಗೆ ಮೊದಲು ಹಣ ಹಾಕಿ’ ಎಂದರೆ ಫೋನ್ ಇಟ್ಟುಬಿಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಒಟಿಪಿ ಯಾರಿಗೂ ಹೇಳಬೇಡಿ.

ಇನ್ನು ಆ ಹಮಾಲರ ವಿಷಯ. ತಪ್ಪು ಗೊತ್ತಾದ ದಿನವೇ ಫೋನ್ ಮಾಡಿದೆವು. ಎರಡು ದಿನ ಸ್ವಿಚ್ ಆಫ್. ಮೂರನೆಯ ದಿನ ರಾತ್ರಿ ಎತ್ತಿದರು. ಕ್ಷಮೆ ಕೇಳಿ, ಕೆಲಸ ಉಂಟು, ಬನ್ನಿ ಎಂದೆವು. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

‘ಈಗ ಕಬ್ಬಿನ ಗ್ಯಾಂಗಿನಾಗ ಮುಂಗಡ ತಗೊಂಡ್ಬಿಟ್ಟೀನ್ರಿ. ಸೀಜನ್ ಮುಗಿಯೂತನಕಾ ಬರಾಕ ಆಗೂದಿಲ್ರಿ.’

ಮುಂಗಡ ಪಡೆದವರಿಗೆ ನಡುವೆ ಬಿಟ್ಟು ಬರುವುದು ಸುಲಭವಲ್ಲವೆಂದು ಗೊತ್ತಿದ್ದ ನಮಗೆ ಒತ್ತಾಯಿಸಲು ಬಾಯಿ ಬರಲಿಲ್ಲ. ನಾವು ಒಂದು ಸರಿಯಾದ ಪ್ರಶ್ನೆ ಕೇಳಿದ್ದರೆ ಈ ಹೊತ್ತಿಗೆ ಅವರು ಪಿಎಫ್, ಇಎಸ್‌ಐ ಇರುವ ಕೆಲಸದಲ್ಲಿ ಇರುತ್ತಿದ್ದರು.

ಫೋನ್ ಇಡುವ ಮೊದಲು ಅವರೇ ಹೇಳಿದರು: ‘ಬ್ಯಾಸರ ಮಾಡ್ಕೋಬ್ಯಾಡ್ರಿ. ಸೀಜನ್ ಮುಗದ ಮ್ಯಾಲೆ ಒಂದ ಫೋನ್ ಹಚ್ರಿ.’

ಆ ನಂಬರನ್ನು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿದ್ದೇವೆ. ಸೀಜನ್ ಮುಗಿದ ದಿನ ಹಚ್ಚುತ್ತೇವೆ.