ಹೊಸ ಕಾರಿನ ಕೂಲಂಟ್ ಎಲ್ಲಿಗೆ ಹೋಗುತ್ತದೆ?



ನಮ್ಮ ಪೆಟ್ರೋಲ್ ಕಾರಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಓಡಿದ್ದು 19,000 ಕಿಲೋಮೀಟರ್ ಮಾತ್ರ. ಒಂದು ಬೆಳಿಗ್ಗೆ ಬಾನೆಟ್ ಎತ್ತಿ ನೋಡಿದರೆ ಡಬ್ಬಿಯಲ್ಲಿ ಕೂಲಂಟ್ ಕೆಳಗಿನ ಗೆರೆಗಿಂತಲೂ ಕೆಳಗೆ ಇಳಿದಿತ್ತು. ಕಾರು ನಿಂತ ಜಾಗದಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಮನೆಯವರನ್ನು ತಿಂಗಳಿಗೊಮ್ಮೆ ಕಲ್ಹೇರಿನಿಂದ ಬೀದರಿನ ಆಸ್ಪತ್ರೆಗೆ ಕರೆದೊಯ್ಯುವ ಗಾಡಿ ಅದು. ಪರಿಚಯದ ಮಿಸ್ತ್ರಿಗೆ ತೋರಿಸಿದೆ. "ಕಾಕಾ, ಹೊಸ ಗಾಡಿ ಅದ. ಬ್ಯಾಸಗ್ಯಾಗ ಜರಾ ಕುಡೀತದ. ಬೋರಿನ ನೀರು ಹಾಕ್ರಿ, ನಡೀತದ" ಎಂದ.

ಈ ಮಾತನ್ನು ನೀವೂ ಕೇಳಿರಬಹುದು. ಇದರಲ್ಲಿ ಎರಡು ತಪ್ಪುಗಳಿವೆ.

ಮೊದಲನೆಯದು, ಎಂಜಿನ್ ಪೆಟ್ರೋಲನ್ನು ಕುಡಿಯುತ್ತದೆ, ಕೂಲಂಟನ್ನು ಕುಡಿಯುವುದಿಲ್ಲ. ಕೂಲಂಟ್ ಮುಚ್ಚಿದ ದಾರಿಯಲ್ಲಿ ಸುತ್ತುತ್ತದೆ. ಪಂಪು ಅದನ್ನು ಎಂಜಿನ್ನಿನ ಸುತ್ತ ಹರಿಸುತ್ತದೆ, ರೇಡಿಯೇಟರಿನಲ್ಲಿ ಅದು ತಣ್ಣಗಾಗುತ್ತದೆ, ಮತ್ತೆ ಎಂಜಿನ್ನಿಗೆ ಮರಳುತ್ತದೆ. ಕೆಲವು ಕಾರುಗಳಲ್ಲಿ ಡಬ್ಬಿಯ ಮುಚ್ಚಳ ಸಡಿಲವಾಗಿದ್ದು ವರ್ಷದಲ್ಲಿ ಸ್ವಲ್ಪ ನೀರು ಆವಿಯಾಗುವುದುಂಟು. ಅದನ್ನು ಬಿಟ್ಟರೆ ಕೂಲಂಟ್ ತಾನಾಗಿ ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗುತ್ತಲೇ ಇದೆ ಎಂದರೆ ಎಲ್ಲಿಗೋ ಹೋಗುತ್ತಿದೆ ಎಂದೇ ಅರ್ಥ.

ಎರಡನೆಯದು, ಬೋರಿನ ನೀರು. ನಮ್ಮ ಕಡೆಯ ಗಡಸು ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ಎಲ್ಲ ಮನೆಗಳಲ್ಲೂ ಕಂಡಿದ್ದೇವೆ. ರೇಡಿಯೇಟರಿನ ಸಣ್ಣ ನಾಳಗಳಲ್ಲೂ ಅದೇ ಆಗುತ್ತದೆ. ಸಾಮಾನ್ಯವಾಗಿ ಕೂಲಂಟ್ ಎಂದರೆ ಎಥಿಲೀನ್ ಗ್ಲೈಕಾಲ್ ಮತ್ತು ಶುದ್ಧೀಕರಿಸಿದ ನೀರಿನ ಮಿಶ್ರಣ, ಜೊತೆಗೆ ತುಕ್ಕು ತಡೆಯುವ ರಾಸಾಯನಿಕಗಳು. ನಮ್ಮಲ್ಲಿ ಹಿಮ ಬೀಳುವುದಿಲ್ಲವಲ್ಲ, ಇದೇಕೆ ಬೇಕು ಎಂದು ಕೆಲವರು ಕೇಳುತ್ತಾರೆ. ನೀರು 100 ಡಿಗ್ರಿಗೆ ಕುದಿಯುತ್ತದೆ. ಸಮಪಾಲಿನ ಮಿಶ್ರಣ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ಮುಚ್ಚಳದ ಸ್ಪ್ರಿಂಗು ಸುಮಾರು 1 ಬಾರಿನಷ್ಟು ಒತ್ತಡ ಹಿಡಿದಿಟ್ಟರೆ ಕುದಿಯುವ ಮಟ್ಟ 125 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಬೇಸಿಗೆಯಲ್ಲಿ ಎಸಿ ಹಾಕಿಕೊಂಡು ದಿಬ್ಬ ಏರುವಾಗ ಎಂಜಿನ್ನನ್ನು ಕಾಯುವುದು ಈ ಅಂತರವೇ.

ಹಾಗಾದರೆ ಸೋರಿಕೆಯನ್ನು ಹುಡುಕುವುದು ಹೇಗೆ? ಕ್ರಮವಾಗಿ ಹೋಗೋಣ.

ಮೊದಲು, ನಿಜವಾಗಿ ಇಳಿಯುತ್ತಿದೆಯೇ ಎಂದು ಖಚಿತ ಮಾಡಿಕೊಳ್ಳಿ. ಬಿಸಿಯಾದಾಗ ಕೂಲಂಟ್ ಹಿಗ್ಗಿ ಮೇಲೇರುತ್ತದೆ, ಆರಿದಾಗ ಇಳಿಯುತ್ತದೆ. ಆದ್ದರಿಂದ ಸಮತಟ್ಟಾದ ಒಂದೇ ಜಾಗದಲ್ಲಿ, ಬೆಳಿಗ್ಗೆ, ಗಾಡಿ ಶುರು ಮಾಡುವ ಮೊದಲೇ ನೋಡಬೇಕು. ಇತ್ತೀಚೆಗೆ ಕೂಲಂಟ್ ಬದಲಿಸಿದ್ದರೆ ಒಳಗೆ ಸಿಕ್ಕಿಕೊಂಡ ಗಾಳಿ ಹೊರಬಂದು ಮಟ್ಟ ಒಮ್ಮೆ ಇಳಿದು ನಿಲ್ಲುತ್ತದೆ. ಅದು ಸೋರಿಕೆಯಲ್ಲ. ತುಂಬಿದ ಮೇಲೂ ಮತ್ತೆ ಮತ್ತೆ ಇಳಿದರೆ ಮಾತ್ರ ಸೋರಿಕೆ.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಸಂಜೆ ನಗದು ತಾಳೆಯಾಗದಿದ್ದರೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಅದೇ ಅಭ್ಯಾಸದಿಂದ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಓಡಿದ ಕಿಲೋಮೀಟರ್, ಎಷ್ಟು ಮಿಲಿಲೀಟರ್ ಹಾಕಿದೆ ಎಂದು ಬರೆಯತೊಡಗಿದೆ. ಆರು ವಾರದಲ್ಲಿ, 1,400 ಕಿಲೋಮೀಟರಿಗೆ, 450 ಮಿಲಿಲೀಟರ್ ಹೋಗಿತ್ತು.

ಎರಡನೆಯ ಹೆಜ್ಜೆ, ಹೊರಗಿನ ಸೋರಿಕೆ. ರಾತ್ರಿ ಎಂಜಿನ್ನಿನ ಕೆಳಗೆ ಒಂದು ಬಿಳಿ ರಟ್ಟು ಹಾಸಿಡಿ. ಎಸಿಯಿಂದ ತೊಟ್ಟಿಕ್ಕುವುದು ಬಣ್ಣವಿಲ್ಲದ ಬರೀ ನೀರು. ಕೂಲಂಟಿಗೆ ಗುಲಾಬಿ, ಹಸಿರು ಅಥವಾ ನೀಲಿ ಬಣ್ಣವಿದ್ದು ಬೆರಳಿಗೆ ಜಾರುತ್ತದೆ. ನಾಲಿಗೆಗೆ ಮಾತ್ರ ಹಚ್ಚಬೇಡಿ, ಅದು ವಿಷ. ರಟ್ಟು ಒಣಗಿಯೇ ಇದ್ದರೆ ಸೋರಿಕೆ ಇಲ್ಲ ಎಂದೂ ಹೇಳಲಾಗದು. ಬಿಸಿ ಎಂಜಿನ್ನಿನ ಮೇಲೆ ಬಿದ್ದ ಹನಿ ಅಲ್ಲಿಯೇ ಒಣಗಿ ಬಣ್ಣದ ಅಥವಾ ಬಿಳಿಯ ಹೆಕ್ಕಳೆ ಉಳಿಯುತ್ತದೆ. ಟಾರ್ಚ್ ಹಿಡಿದು ರಬ್ಬರ್ ಪೈಪುಗಳ ಕ್ಲಿಪ್ಪು, ರೇಡಿಯೇಟರಿನ ಪ್ಲಾಸ್ಟಿಕ್ ಭಾಗ ಅಲ್ಯೂಮಿನಿಯಮ್ಮಿಗೆ ಕೂಡುವ ಅಂಚು, ವಾಟರ್ ಪಂಪಿನ ಕೆಳಗಿನ ಸಣ್ಣ ತೂತು, ಇವಿಷ್ಟನ್ನು ನೋಡಿ. ಕಾರಿನ ಒಳಗೆ ಸಿಹಿ ವಾಸನೆ, ಮುಂದಿನ ಗಾಜಿನ ಮೇಲೆ ಎಣ್ಣೆಯಂಥ ಮಬ್ಬು, ಕಾಲಡಿಯ ಹಾಸು ಒದ್ದೆ, ಇವು ಹೀಟರಿನ ಸೋರಿಕೆಯ ಗುರುತು.

ಮೂರನೆಯದು ಮುಚ್ಚಳ. ಅದರ ರಬ್ಬರ್ ಸೀಳಿದರೆ ಅಥವಾ ಸ್ಪ್ರಿಂಗ್ ಸೋತರೆ ಒತ್ತಡ ನಿಲ್ಲದೆ ಕೂಲಂಟ್ ಹೊರಹೋಗುತ್ತದೆ. ಉಳಿದ ಭಾಗಗಳಿಗೆ ಹೋಲಿಸಿದರೆ ಇದು ಅಗ್ಗದ ವಸ್ತು. ದೊಡ್ಡ ಕೆಲಸಕ್ಕೆ ಕೈಹಾಕುವ ಮೊದಲು ಇದನ್ನು ಪರೀಕ್ಷಿಸಲು ಹೇಳಿ.

ನಾಲ್ಕನೆಯದು ಒತ್ತಡದ ಪರೀಕ್ಷೆ. ಎಂಜಿನ್ ತಣ್ಣಗಿರುವಾಗ ಮುಚ್ಚಳದ ಜಾಗಕ್ಕೆ ಕೈಪಂಪು ಕೂಡಿಸಿ, ಆ ಕಾರಿಗೆ ಹೇಳಿದಷ್ಟು ಗಾಳಿ ತುಂಬಿ, ಹತ್ತು ಹದಿನೈದು ನಿಮಿಷ ಮುಳ್ಳನ್ನು ನೋಡುತ್ತಾರೆ. ಮುಳ್ಳು ಇಳಿದರೆ ಸೋರಿಕೆ ಇದೆ. ತಣ್ಣಗಿದ್ದಾಗ ಅಡಗಿರುವ ಸೋರಿಕೆಯೂ ಇದರಿಂದ ಹೊರಬರುತ್ತದೆ.

ಹೊರಗೆ ಎಲ್ಲೂ ಸಿಗದಿದ್ದರೆ ಐದನೆಯ ಹೆಜ್ಜೆ, ಎಂಜಿನ್ನಿನ ಒಳಗೆ. ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಎಂಜಿನ್ ಕಾದ ಮೇಲೂ ಸಿಹಿ ವಾಸನೆಯ ಬಿಳಿ ಹೊಗೆ ಬರಬಹುದು, ಡಬ್ಬಿಯಲ್ಲಿ ಗುಳ್ಳೆ ಏಳಬಹುದು, ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಾಣಬಹುದು. ಆಯಿಲ್ ಮುಚ್ಚಳದ ಕೆಳಗೆ ಮಾತ್ರ ಸ್ವಲ್ಪ ಕೆನೆ ಇದ್ದರೆ ಹೆದರಬೇಡಿ. ಚಳಿಗಾಲದಲ್ಲಿ ಹತ್ತಿರದ ಓಡಾಟಕ್ಕೆ ಹಾಗಾಗುತ್ತದೆ. ಡಬ್ಬಿಯ ಗಾಳಿಯನ್ನು ನೀಲಿ ದ್ರವದ ಮೂಲಕ ಹಾಯಿಸುವ ಪರೀಕ್ಷೆ ಇದೆ. ಉರಿದ ಅನಿಲ ಬೆರೆತಿದ್ದರೆ ನೀಲಿ ಹಳದಿಯಾಗುತ್ತದೆ. ಡೀಸೆಲ್ ಗಾಡಿಗಳಲ್ಲಿ ಹೊಗೆಯನ್ನು ತಣಿಸುವ ಇಜಿಆರ್ ಕೂಲರ್ ಸೀಳಿದರೂ ಕೂಲಂಟ್ ಹೊಗೆಯೊಂದಿಗೆ ಹೋಗುತ್ತದೆ, ಆಯಿಲ್ ಸ್ವಚ್ಛವಾಗಿಯೇ ಇರುತ್ತದೆ.

ನಮ್ಮ ಕಾರಿನ ಸಂಗತಿ ಏನಾಯಿತು ಎಂದರೆ, ಕಂಪನಿಯ ವರ್ಕ್‌ಶಾಪಿನಲ್ಲಿ ಮೊದಲ ಸಲ ಕಣ್ಣಲ್ಲೇ ನೋಡಿ, ಕೂಲಂಟ್ ತುಂಬಿ, "ಸೋರಿಕೆ ಇಲ್ಲ" ಎಂದು ಬರೆದು ಕಳಿಸಿದರು. ಎರಡನೆಯ ಸಲ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟೆ. ಮೇಲ್ವಿಚಾರಕರು ಲೆಕ್ಕ ಓದಿ ಒತ್ತಡದ ಪರೀಕ್ಷೆ ಮಾಡಿಸಿದರು. ಹನ್ನೆರಡನೆಯ ನಿಮಿಷಕ್ಕೆ ವಾಟರ್ ಪಂಪಿನ ತೂತಿನಲ್ಲಿ ಗುಲಾಬಿ ಹನಿ ಕಾಣಿಸಿತು. ಓಡುವಾಗ ಮಾತ್ರ ಸೋರಿ, ಬಿಸಿಗೆ ಒಣಗಿ ಹೋಗುತ್ತಿತ್ತು. ಪಂಪು ವಾರಂಟಿಯಲ್ಲೇ ಬದಲಾಯಿತು. "ಒಳಗೆ ಬೋರಿನ ನೀರು ಇದ್ದಿದ್ರ ನಮಗೂ ಮ್ಯಾಲೆ ಹೇಳೋದು ಕಷ್ಟ ಆಗ್ತಿತ್ತು ನೋಡ್ರಿ" ಎಂದು ಅವರು ಹೇಳಿದ ಮಾತು ಇನ್ನೂ ನೆನಪಿದೆ.

ಕೊನೆಯದಾಗಿ ಜೀವಕ್ಕೆ ಸಂಬಂಧಿಸಿದ ಕೆಲವು ಮಾತುಗಳು. ಕಾದ ಎಂಜಿನ್ನಿನ ಮುಚ್ಚಳ ಎಂದಿಗೂ ತೆರೆಯಬೇಡಿ. ಒತ್ತಡ ಇಳಿದ ಕ್ಷಣವೇ ಕೂಲಂಟ್ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕೆಂಪು ದೀಪ ಬಂದರೆ ಎಸಿ ನಿಲ್ಲಿಸಿ, ಗಾಡಿಯನ್ನು ಬದಿಗೆ ಹಾಕಿ, ಎಂಜಿನ್ ಆರಿಸಿ, ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ. ಊರು ಇನ್ನೇನು ಬಂತು ಎಂದು ಓಡಿಸಿದರೆ ಅಲ್ಯೂಮಿನಿಯಮ್ ಹೆಡ್ ಬಾಗುತ್ತದೆ, ಆ ಖರ್ಚು ಬಹಳ ದೊಡ್ಡದು. ಮುಳ್ಳನ್ನೇ ನಂಬಿ ಕೂರಬೇಡಿ. ಕೂಲಂಟ್ ಪೂರ್ತಿ ಹೋಗಿ ಸೆನ್ಸರ್ ಬರೀ ಗಾಳಿಯಲ್ಲಿ ನಿಂತರೆ ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೇ ತೋರಿಸಬಹುದು. ಹಳೆಯ ಕೂಲಂಟನ್ನು ಚರಂಡಿಗೋ ಹಿತ್ತಲಿಗೋ ಚೆಲ್ಲಬೇಡಿ. ಅದು ಸಿಹಿಯಾಗಿರುವುದರಿಂದ ನಾಯಿ, ಕರು ನೆಕ್ಕಿ ಸಾಯುತ್ತವೆ. ಮಕ್ಕಳ ಕೈಗೆ ಡಬ್ಬಿ ಸಿಗದಿರಲಿ.

ತುಂಬುವುದಾದರೆ ಕಾರಿನ ಪುಸ್ತಕದಲ್ಲಿ ಹೇಳಿದ ಕೂಲಂಟನ್ನೇ ತುಂಬಿ. ಬಣ್ಣ ಒಂದೇ ಆದ ಮಾತ್ರಕ್ಕೆ ಜಾತಿ ಒಂದೇ ಅಲ್ಲ. ಅದಕ್ಕಿಂತ ಮುಖ್ಯವಾಗಿ, ತುಂಬಿದ್ದನ್ನು ಬರೆದಿಡಿ. ತುಂಬಿದರೆ ಆ ದಿನದ ಪ್ರಯಾಣ ಸಾಗುತ್ತದೆ. ಎಲ್ಲಿಗೆ ಹೋಯಿತು ಎಂದು ಕೇಳಿದರೆ ಮಾತ್ರ ಎಂಜಿನ್ ಉಳಿಯುತ್ತದೆ.